ಎಲುಬಿನ ಕಮಾನು

ಹೆಬ್ಬೆರಳಿನ ಗೆರೆಯನ್ನೂ ಕಣ್ಣಿನ ಪಾಪೆಯನ್ನೂ ದಾಖಲಿಸಿ ಮುಗಿಸಿದ ಮೇಲೆ ಸರಕಾರ ಜನರ ಎಲುಬಿಗೆ ಕೈ ಹಾಕಿತು.

ಉದ್ದೇಶ ಒಳ್ಳೆಯದೇ ಇತ್ತು. ಯಾರ ಎಲುಬು ಎಷ್ಟು ತಾಳುತ್ತದೋ ಅಷ್ಟೇ ಭಾರವನ್ನು ಅವರ ಮೇಲೆ ಹೊರಿಸಬೇಕು, ಅದಕ್ಕಿಂತ ಗುಲಗಂಜಿಯಷ್ಟೂ ಹೆಚ್ಚು ಕೂಡದು ಎಂದು ಕಾಯಿದೆ ಬಂತು. ಮುಟ್ಟು ನಿಂತ ಹೆಂಗಸರ ಎಲುಬು ಒಳಗೊಳಗೇ ಸವೆದು ಜರಡಿಯಾಗುತ್ತದೆ, ಮುರಿಯುವ ದಿನದ ತನಕ ಅದು ತುಟಿ ಪಿಟಕ್ಕೆನ್ನುವುದಿಲ್ಲ ಎಂದು ತಜ್ಞರು ಸಭೆಯಲ್ಲಿ ವಿವರಿಸಿದಾಗ ಮಂತ್ರಿಯೊಬ್ಬರು ಕಣ್ಣೊರೆಸಿಕೊಂಡರಂತೆ. ಆಮೇಲೆ ಆರೇ ತಿಂಗಳಿಗೆ ಊರೂರಿನ ಕೆಲಸದ ಜಾಗಗಳ ಬಾಗಿಲಲ್ಲಿ ಎಲುಬಿನ ಕಮಾನುಗಳು ಬಂದು ನಿಂತವು.

ಕಮಾನು ಎಂದರೆ ಅಗಲವಾದ ಬಾಗಿಲ ಚೌಕಟ್ಟು. ಒಳಗೆ ಹೋಗಿ ಅಡ್ಡಕ್ಕೆ ತಿರುಗಿ ಎರಡು ಎಣಿಕೆ ನಿಂತರೆ ಆಯಿತು. ಎದುರಿನ ಹಲಗೆಯಿಂದ ಎರಡು ಬಗೆಯ ಕ್ಷ-ಕಿರಣ ಹೊರಡುತ್ತದೆ, ಒಂದು ಚುರುಕಿನದು, ಒಂದು ಮೆತ್ತಗಿನದು. ಮಾಂಸ, ಕೊಬ್ಬು ಈ ಎರಡೂ ಕಿರಣಗಳನ್ನು ಹೆಚ್ಚುಕಡಿಮೆ ಒಂದೇ ಸಮನೆ ಹಾಯಲು ಬಿಡುತ್ತವೆ. ಎಲುಬಿನ ಕ್ಯಾಲ್ಸಿಯಂ ಮಾತ್ರ ಮೆತ್ತಗಿನದನ್ನು ಹಿಡಿದು ನುಂಗುತ್ತದೆ. ನುಂಗಿದ್ದು ಎಷ್ಟೆಂದು ಬೆನ್ನ ಹಿಂದಿನ ಹಲಗೆ ಎಣಿಸಿ ಅಂಕ ಕೊಡುತ್ತದೆ. ಮೂವತ್ತರ ಗಟ್ಟಿ ಹೆಣ್ಣಿನ ಎಲುಬಿಗೆ ಸೊನ್ನೆ, ಸವೆದಷ್ಟೂ ಮೈನಸ್. ಮೈನಸ್ ಎರಡೂವರೆಗಿಂತ ಕೆಳಗಿಳಿದರೆ ಕೆಂಪು ಕಾರ್ಡು, ಭಾರ ಎತ್ತುವಂತಿಲ್ಲ. ನಡುವಿನವರಿಗೆ ಹಳದಿ, ಹತ್ತು ಕಿಲೋ. ಗಟ್ಟಿಯವರಿಗೆ ಹಸಿರು, ಹದಿನೈದು.

ಹಳೆಯ ಯಂತ್ರಗಳ ಮುಂದೆ ಮೈಮೇಲಿನ ಲೋಹವನ್ನೆಲ್ಲ ಬಿಚ್ಚಿಡಬೇಕಿತ್ತು. ತಾಳಿ ಬಿಚ್ಚಿರಿ ಎಂದು ನಮ್ಮ ಹೆಂಗಸರಿಗೆ ಒಂದೇ ಒಂದು ದಿನ ಹೇಳಿ ನೋಡಿದ ಇಂಜಿನಿಯರುಗಳು ಕೂಡಲೇ ಪಾಠ ಕಲಿತರು. ತಾಳಿ, ಡಾಬು, ಪಿನ್ನು, ಬೀಗದ ಕೈಗೊಂಚಲು ಎಂದು ಹದಿನಾಲ್ಕು ಬಗೆಯ ಲೋಹವನ್ನು ತಾನೇ ಕಳೆದು ಅಂಕ ಕೊಡುವ ಕಮಾನನ್ನು ಕಟ್ಟಿದರು. ಅದಕ್ಕೊಂದು ಪ್ರಶಸ್ತಿಯೂ ಬಂತು. ಹೆಂಗಸರ ಒಳಗಿನ ಚಿತ್ರ ಪರದೆಯ ಮೇಲೆ ಮೂಡುವುದು ಮರ್ಯಾದೆಯಲ್ಲ ಎಂದು ಯಾರೋ ತಕರಾರು ಎತ್ತಿದ್ದರಿಂದ ಚಿತ್ರವನ್ನು ಮುಚ್ಚಿಟ್ಟು ಅಂಕವನ್ನಷ್ಟೇ ತೋರಿಸುವ ಏರ್ಪಾಡೂ ಆಯಿತು. ಹೀಗೆ ಮರ್ಯಾದೆ ಉಳಿಯಿತು. ಉಳಿದದ್ದರ ಕಥೆ ಮುಂದಿದೆ.

ಹೊಸಹೊಂಡದ ಮೆಣಸಿನಕಾಯಿ ಪೇಟೆಯ ಗೇಟಿನಲ್ಲಿ ನಿಂತ ಕಮಾನಿಗೆ ಸುಲೋಚನಾ ಬಡಿಗೇರ ಒಡತಿ. ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಕತ್ತಲಲ್ಲಿ ಕಳೆದವಳಿಗೆ ನಿವೃತ್ತಿಯ ಹೊಸ್ತಿಲಲ್ಲಿ ಈ ಬಯಲು ಸಿಕ್ಕಿತ್ತು. ಜೊತೆಗೆ ಸಿಕ್ಕಿದ್ದು ಮೆಣಸಿನ ಘಾಟು, ಕಮಾನಿನ ಕೈಹಿಡಿಯ ಮೇಲೆ ಬೆವರು ಮತ್ತು ಕೆಂಪುಧೂಳು ಕಲೆತು ಕಟ್ಟಿದ ಅಂಟು, ಮೂಲೆಮೂಲೆಗೂ ಎಲೆಯಡಿಕೆಯ ಉಗುಳು. ದಿನಕ್ಕೆ ಮೂರು ಸಲ ಅವಳೇ ಸ್ಪಿರಿಟ್ ಹಾಕಿ ಒರೆಸುತ್ತಿದ್ದಳು. ಅರ್ಧ ಗಂಟೆಗೆ ಮತ್ತೆ ಅದೇ ಅಂಟು. ಆದರೂ ಈ ಹೇಸಿಗೆ ಒರೆಸಿದರೆ ಹೋಗುವಂಥದು ಎಂಬ ಒಂದು ಸಮಾಧಾನವಿತ್ತು.

ಪೇಟೆಯಲ್ಲಿ ಚೀಲ ಹೊರುವ ಇನ್ನೂರು ಹೆಂಗಸರಲ್ಲಿ ಫಕೀರವ್ವನದು ಎತ್ತಿದ ಕೈ. ಐವತ್ತೆಂಟು ವರ್ಷದ ಒಣಕಲು ಜೀವ. ಕಮಾನಿನ ಅಂಕ: ಪ್ಲಸ್ ಮೂರು. ಜಿಲ್ಲೆಗೇ ಮೊದಲು. ಕಮಾನು ಸಿನಿಮಾದ ನಾಯಕಿಯ ದನಿಯಲ್ಲಿ "ಅಭಿನಂದನೆಗಳು, ನಿಮ್ಮ ಮೂಳೆಗಳು ಸದೃಢವಾಗಿವೆ" ಎಂದಾಗ ಫಕೀರವ್ವ ಹಿಂದೆ ಮುಂದೆ ನೋಡಿ, "ಯಾರಿಗಿ ಹೇಳತೈತ್ರಿ ಬಾಯಾರ ಇದು?" ಎಂದಿದ್ದಳು.

ಊರು ಅಂಕಕ್ಕೆ ಬೇಗ ಒಗ್ಗಿಕೊಂಡಿತು. ಸುಲೋಚನಾಳ ಓಣಿಯಲ್ಲಿ ಒಂದು ಸಂಬಂಧ, ಜಾತಕ ಕೂಡಿಬಂದರೂ ಹುಡುಗಿಯ ಬೆನ್ನೆಲುಬಿನ ಅಂಕ ಸಾಲದೆಂದು ಮುರಿದುಬಿತ್ತು. ಬಸ್ಸಿನವರು ಮುಂದಿನ ಸೀಟುಗಳನ್ನು ಕೆಂಪು ಕಾರ್ಡಿನವರಿಗೆ ಮೀಸಲಿಟ್ಟರು. ಸುಲೋಚನಾಳ ಅತ್ತೆ ತಿಪ್ಪವ್ವ ಒಂದು ಮಧ್ಯಾಹ್ನ ಬಸ್ಸಿಳಿದು ಬುಸುಗುಡುತ್ತ ಮನೆಗೆ ಬಂದದ್ದು ಈ ಕಾರಣಕ್ಕೇ.

"ಆ ಕಂಡಕ್ಟರ್ ಬಾಡ್ಯಾ ಏನಂದ ಗೊತ್ತೇನ ಸುಲೂ? 'ಅಜ್ಜಿ, ನಿಂದು ಹಸರು ಕಾರ್ಡ, ನೀ ಕುಸ್ತಿ ಹಿಡಿಯಾಕಿ, ಎದ್ದು ನಿಂದರ' ಅಂದ. ಮೂವತ್ತು ಮೈಲಿ ನಿಂತು ಬಂದೇನಿ. ಒಂದೊಂದು ತಗ್ಗಿಗೂ ನನ್ನ ಸೊಂಟ ದೇವರನ್ನ ಕರೀತಿತ್ತು."

"ನಿಮಗ ಹಸರು ಯಾರು ಕೊಟ್ರ ಅತ್ತೀ?"

"ಬಸ್ ಸ್ಟ್ಯಾಂಡಿನಾಗಿನ ನಿಮ್ಮ ಕಮಾನ ಕೊಡ್ತು. ಮತ್ಯಾರು, ನಿಮ್ಮಪ್ಪ ಕೊಟ್ನೇನ?"

ಸುಲೋಚನಾ ಚಹಾ ಸೋಸುತ್ತಿದ್ದವಳು ಹಾಗೇ ನಿಂತಳು. ಹೋದ ವರ್ಷ ಇದೇ ಮುದುಕಿ ಬಚ್ಚಲಿನಲ್ಲಿ ತುಂಬಿದ ತಂಬಿಗೆ ಎತ್ತಲು ಹೋಗಿ ಮಣಿಕಟ್ಟು ಮುರಿದುಕೊಂಡಿದ್ದಳು. ಬಿದ್ದಿರಲಿಲ್ಲ, ಏಟು ತಿಂದಿರಲಿಲ್ಲ. ತಂಬಿಗೆ ಎತ್ತಿದ್ದಕ್ಕೆ ಮುರಿದಿತ್ತು. ಆ ಎಕ್ಸ್‌ರೇ ತೆಗೆದವಳೂ ಸುಲೋಚನಾಳೇ. ಜೇಡರ ಬಲೆಯಷ್ಟು ತೆಳ್ಳಗಿನ ಎಲುಬು ಅದು. ಎಪ್ಪತ್ತಾರರ ಆ ಎಲುಬಿಗೆ ಈಗ ಹಸಿರು ಕಾರ್ಡು?

ತಿಪ್ಪವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಸೀರೆಯ ನಡುವಿನಿಂದ ಎಲೆಯಡಿಕೆಯ ಚಂಚಿ ಎಳೆದು ಬಿಚ್ಚಿದಳು. ಎಲೆ, ಅಡಿಕೆ ಹೋಳು, ಮತ್ತೆ ಹೆಬ್ಬೆಟ್ಟು ಗಾತ್ರದ ಪ್ಲಾಸ್ಟಿಕ್ಕಿನ ಸುಣ್ಣದ ಡಬ್ಬಿ. ಎಲೆಯ ಬೆನ್ನಿಗೆ ಸುಣ್ಣ ಸವರುತ್ತ, "ನಮ್ಮವ್ವಂದು ಹಿತ್ತಾಳಿ ಡಬ್ಬಿ ಇತ್ತು. ಈಗೆಲ್ಲ ಈ ದರಿದ್ರ ಪ್ಲಾಸ್ಟಿಕ್ಕು," ಎಂದಳು.

ಸುಲೋಚನಾ ಚಂಚಿಯನ್ನು ನೋಡಿದಳು. ಚಂಚಿ ಸಿಕ್ಕಿಸಿಕೊಳ್ಳುವ ಜಾಗವನ್ನು ನೋಡಿದಳು. ಹೊಕ್ಕುಳ ಕೆಳಗೆ, ಹಿಂದೆ ನೇರಕ್ಕೆ ಬೆನ್ನೆಲುಬಿನ ಕೊನೆಯ ಮಣಿಗಳು. ಚಹಾ ಪಾತ್ರೆಯಲ್ಲೇ ಆರಿತು.

ಮರುದಿನ ಪೇಟೆ ತೆರೆಯುವ ಮುಂಚೆ ಅವಳು ಕಮಾನಿನ ಹಿಂಬದಿಯ ಮುಚ್ಚಳ ತೆಗೆದಳು. ದುರಸ್ತಿಗೆ ಬರುವ ಇಂಜಿನಿಯರು ಯಾವ ಗುಂಡಿಗಳನ್ನು ಒತ್ತಿ ಮುಚ್ಚಿಟ್ಟ ಚಿತ್ರ ತೆರೆಯುತ್ತಾನೆಂಬುದನ್ನು ಅವಳು ಎಂದೋ ಓರೆಗಣ್ಣಿನಲ್ಲಿ ಕಲಿತಿದ್ದಳು. ಚೀಲ ಹೊರುವವರು ಬರತೊಡಗಿದರು. ಫಕೀರವ್ವ ಬೆಳಗಿನ ತಪಾಸಣೆಗೆ ಕಮಾನಿನೊಳಗೆ ನಿಂತಾಗ ಪರದೆಯ ಮೇಲೆ ಅವಳ ಬೆನ್ನೆಲುಬು ಮೂಡಿತು. ಮಬ್ಬು ಮಬ್ಬು ಮಣಿಗಳು, ಹಳೇ ಗೋಣಿಯ ನೇಯ್ಗೆಯಂತೆ ಸಡಿಲ. ಅವುಗಳಲ್ಲೊಂದು ಆಗಲೇ ಕುಸಿದು ಚಪ್ಪಟೆಯಾಗಿತ್ತು. ಕೆಳಗಿನ ಎರಡು ಮಣಿಗಳ ಮೇಲೆ ಮಾತ್ರ ಹೊಳೆಹೊಳೆವ ಒಂದು ಬಿಳಿ ಬೊಟ್ಟು. ಜಿಲ್ಲೆಗೆ ಮೊದಲ ಅಂಕ ತಂದ ಎಲುಬು ಆ ಬೊಟ್ಟೇ.

"ಫಕೀರವ್ವ, ಚಂಚಿ ಇಲ್ಲಿ ಕೊಡು. ಇನ್ನೊಮ್ಮೆ ನಿಂದರ."

ದನಿ ಅಡಗಿಸಿ, ದಾಖಲೆಗೆ ಸೇರಿಸದೆ ನೋಡಿದಾಗ, ಚಂಚಿ ಇಲ್ಲದ ಅಂಕ ಮೈನಸ್ ಮೂರು ಪಾಯಿಂಟ್ ಒಂಬತ್ತು. ಹದಿನಾಲ್ಕು ಬಗೆಯ ಲೋಹ ಕಳೆಯಬಲ್ಲ ಯಂತ್ರ ಹಿತ್ತಾಳೆಯ ಡಬ್ಬಿಯಿದ್ದರೆ ಅನುಮಾನಪಟ್ಟು ಆ ಜಾಗವನ್ನೇ ಬಿಡುತ್ತಿತ್ತು. ಪ್ಲಾಸ್ಟಿಕ್ಕು ಅದರ ಕಣ್ಣಿಗೆ ಗಾಳಿ. ಒಳಗಿನ ಸುಣ್ಣ ಅಪ್ಪಟ ಕ್ಯಾಲ್ಸಿಯಂ. ತಾನು ಹುಡುಕಲೆಂದೇ ಹುಟ್ಟಿದ ವಸ್ತು ಸಿಕ್ಕಾಗ ಯಂತ್ರ ಅದು ಯಾರದೆಂದು ಕೇಳಲಿಲ್ಲ.

ಸಾಲಿನಲ್ಲಿದ್ದವರನ್ನೆಲ್ಲ ಅವಳು ಹಾಗೇ ನೋಡಿದಳು. ಒಬ್ಬೊಬ್ಬಳ ನಡುವಿನಲ್ಲೂ ಒಂದೊಂದು ಬಿಳಿ ಬೊಟ್ಟು.

ಯೋಜನೆಯ ಜಿಲ್ಲಾ ಮುಖ್ಯಸ್ಥ ಡಾ. ಗುರುಪಾದ ಹೊಂಬಳ ಅವಳ ಮಾತು ಕೇಳಿದ್ದು ಊಟದ ಹೊತ್ತಿನಲ್ಲಿ. ನುಗ್ಗೆಕಾಯಿ ಸಾರು ಅವರಿಗೆ ಪ್ರಾಣ; ಅದರಲ್ಲಿ ಕ್ಯಾಲ್ಸಿಯಂ ಇದೆ ಎಂದು ಎಲ್ಲರಿಗೂ ಹೇಳುತ್ತಿದ್ದರು. ಒಂದೊಂದು ತುಂಡನ್ನೂ ಹಲ್ಲಿನಿಂದ ಸೀಳಿ, ಹೀರಿ, ಜಗಿದು, ನಾರಿನ ಮುದ್ದೆಯನ್ನು ಬಾಯಿಂದ ತೆಗೆದು ಮೇಜಿನ ಅಂಚಿನಲ್ಲಿ ಓರಣವಾಗಿ ಜೋಡಿಸುತ್ತಿದ್ದರು. ಎಂಟೋ ಹತ್ತೋ ಮುದ್ದೆಗಳು ಆಗಲೇ ಸಾಲುಗಟ್ಟಿದ್ದವು.

"ಸುಣ್ಣ?" ಎಂದರು ಅವರು, ಇನ್ನೊಂದು ತುಂಡು ಹಿಡಿದು. "ಬಡಿಗೇರ ಬಾಯಾರ, ನನ್ನ ಪ್ರಬಂಧ ಆಗಲೇ ಅಚ್ಚಾಗೇತಿ. 'ಹೊರೆ ಹೊತ್ತಷ್ಟೂ ಎಲುಬು ಗಟ್ಟಿ: ಹೊಸಹೊಂಡದ ಹೆಂಗಸರ ಅಧ್ಯಯನ'. ಜಿಲ್ಲಾದ ಸರಾಸರಿ ನೋಡಿ ಮೇಲಿನವರು ಹಸರು ಕಾರ್ಡಿಗೆ ಹದಿನೈದರ ಬದಲಿ ಇಪ್ಪತ್ತೈದು ಕಿಲೋ ಮಾಡ್ಯಾರ. ಬರೋ ಸೋಮವಾರ ಆಯುಕ್ತರು ಬರತಾರ. ನಿಮ್ಮ ಫಕೀರವ್ವನೇ ವೇದಿಕೆ ಮ್ಯಾಲ ಮೊದಲನೇ ಚೀಲ ಎತ್ತಾಕಿ."

"ಸರ್, ಆಕಿ ಬೆನ್ನಾಗ ಒಂದು ಮಣಿ ಈಗಾಗಲೇ ಕುಸಿದೈತ್ರಿ. ಇಪ್ಪತ್ತೈದು ಎತ್ತಿದ್ರ ಇನ್ನೊಂದು ಕುಸೀತೈತಿ. ಆಮ್ಯಾಲ ಆಕಿ ಏಳೂದಿಲ್ರಿ."

"ಒಬ್ಬಾಕಿ ಮಣಿ ಅಲ್ಲ ಬಾಯಾರ, ಸರಾಸರಿ ನೋಡಬೇಕು. ವಿಜ್ಞಾನ ಅಂದ್ರ ಸರಾಸರಿ." ಅವರು ನಾರಿನ ಮುದ್ದೆಯನ್ನು ಸಾಲಿನ ಕೊನೆಗೆ ಇಟ್ಟು, ಸಾಲು ಸೊಟ್ಟಗಾಯಿತೆಂದು ಬೆರಳಿನಿಂದ ಸರಿಪಡಿಸಿದರು. "ಮತ್ತ ಆ ಮುಚ್ಚಿದ ಚಿತ್ರ ತೆಗೆದು ನೋಡೂದು ನಿಯಮಬಾಹಿರ. ನಾ ಕೇಳಿಲ್ಲ, ನೀವು ಹೇಳಿಲ್ಲ."

ಸುಲೋಚನಾ ಹೊರಗೆ ಬಂದು ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು. ಅವಳು ಏನನ್ನೂ ಮುಟ್ಟಿರಲಿಲ್ಲ. ಆದರೂ ಎರಡು ಸಲ ತೊಳೆದುಕೊಂಡಳು.

ಹೋಗಲಿ, ಫಕೀರವ್ವನಿಗಾದರೂ ತಿಳಿಸೋಣ ಎಂದರೆ ಅಲ್ಲಿ ಬೇರೆಯೇ ರಾಗ. ಫಕೀರವ್ವ ಎಲ್ಲವನ್ನೂ ಕೇಳಿದಳು, ಮೊದಲು ಬಿದ್ದು ಬಿದ್ದು ನಕ್ಕಳು.

"ಅಂದ್ರ ಇಷ್ಟ ದಿನ ಚೀಲ ಹೊತ್ತದ್ದು ನಾನು, ಹೊಗಳಿಸ್ಕೊಂಡದ್ದು ನನ್ನ ಸುಣ್ಣ!"

ಆಮೇಲೆ ನಗು ನಿಂತಿತು.

"ಯಾರಿಗೂ ಹೇಳಬ್ಯಾಡ್ರಿ ಬಾಯಾರ. ನಿಮ್ಮ ಕಾಲ ಬೀಳತೀನಿ."

"ಹುಚ್ಚಿ ಇದ್ದೀಯೇನ? ಬೆನ್ನು ಮುರೀತೈತಿ."

"ಕೆಂಪ ಕಾರ್ಡ ಬಂದ್ರ ಗೇಟ ಒಳಗ ಬಿಡ್ತಾರೇನ್ರಿ? ಕೆಂಪಿನವರಿಗೆ ಕುಂತು ಮಾಡೂ ಕೆಲಸಾ ಕೊಡ್ತೀವಿ ಅಂತ ಕಾಯಿದೆದಾಗ ಬರದಾರಂತ. ಮೆಣಸಿನ ತೊಟ್ಟು ಬಿಡಸೂದು ಒಂದ ಇತ್ತು ಕುಂತು ಮಾಡೂ ಕೆಲಸ. ಅದಕ್ಕ ಮಷೀನು ತಂದ್ರು. ಎಲಿ ಹಾಕದ, ಹೋದ ತಿಂಗಳ ಕೆಂಪ ಬಂದ ಹುಲಿಗೆವ್ವ ಎಲ್ಲಿದಾಳ ಹೇಳ್ರಿ ನೋಡೂಣು? ಗೇಟಿನ ಹೊರಗ ಕುಂತು ಒಳಗ ನೋಡತಾಳ. ನಾ ಗಂಡ ಸತ್ತಾಕಿ, ಮಕ್ಕಳಿಲ್ಲ. ನನಗ ಈ ಪ್ಯಾಟಿನ ಮನಿ, ಇವರ ಬಳಗ. ಮುರದ್ರ ಇಲ್ಲೇ ಮುರೀಲಿ."

"ಸೋಮವಾರ ಇಪ್ಪತ್ತೈದು ಎತ್ತಬೇಕು ನೀನು."

"ಎತ್ತತೀನಿ. ಒಂದ ಸಲ ಅಲ್ಲ?"

ಹಸಿರು ಕಾರ್ಡು ಅವಳ ಬೆನ್ನು ಮುರಿಯುತ್ತದೆ, ಕೆಂಪು ಕಾರ್ಡು ಅವಳನ್ನು ಹೊರಗೆ ಹಾಕುತ್ತದೆ. ಎರಡೂ ಅವಳ ರಕ್ಷಣೆಗೆ ಮಾಡಿದವು. ಅತ್ತೆಯ ಮುಂದೆ ಅಂದು ಸಂಜೆ ಸುಲೋಚನಾ ಇದನ್ನೆಲ್ಲ ಹೇಳಿದಾಗ ತಿಪ್ಪವ್ವ ಎಲೆ ಮಡಚುತ್ತ, "ಆಕಿ ಹೆಸರ ಕೆಡಸಬ್ಯಾಡ. ಕಮಾನಿನ ಹೆಸರ ಕೆಡಸು," ಎಂದಳು. "ಸೋಮವಾರ ಹೊಸಾದು ಶುರು ಮಾಡತಾರ ಅಂದಿ. ದೃಷ್ಟಿ ತಗಿಯಾಕ ಕುಂಬಳಕಾಯಿ ತರತಾರಿಲ್ಲ? ಅದಕ್ಕ ಸುಣ್ಣ ಹಚ್ಚೂದಿಲ್ಲೇನು?"

ಸುಲೋಚನಾ ಅತ್ತೆಯ ಮುಖ ನೋಡಿದಳು. ಮುದುಕಿ ಸುಣ್ಣದ ಬೆರಳನ್ನು ಕಟ್ಟೆಯ ಕಲ್ಲಿಗೆ ಒರೆಸಿ ನಕ್ಕಳು. ಮಣಿಕಟ್ಟು ಹೋಗಿದ್ದರೂ ತಲೆ ಸವೆದಿರಲಿಲ್ಲ.

ಸೋಮವಾರ ಪೇಟೆಯ ಅಂಗಳದಲ್ಲಿ ಶಾಮಿಯಾನ. ಕಮಾನನ್ನು ವೇದಿಕೆಗೆ ತಂದು ಚೆಂಡುಹೂವಿನಲ್ಲಿ ಮುಚ್ಚಿದ್ದರು. ರಾಜಧಾನಿಯಿಂದ ಬಂದ ಆಯುಕ್ತರು ಘಾಟಿಗೆ ಸೀನಿ ಸೀನಿ ಕೆಂಪಾಗಿದ್ದರು. ಹೊಂಬಳ ಸಾಹೇಬರು ಅರ್ಧ ಗಂಟೆ ಭಾಷಣ ಮಾಡಿ, ಈ ಊರಿನ ಹೆಣ್ಣಿನ ಎಲುಬು ಉಕ್ಕು ಎಂದರು, ವಜ್ರ ಎಂದರು, ಬೇರೆ ಏನೂ ಹೊಳೆಯದೆ ಮತ್ತೆ ಉಕ್ಕು ಎಂದರು. ಹೂವಿನ ಪಕ್ಕದಲ್ಲಿ ಇಪ್ಪತ್ತೈದು ಕಿಲೋದ ಚೀಲ. ಅದರ ಪಕ್ಕದಲ್ಲಿ ಹಸಿರು ಇಳಕಲ್ಲು ಸೀರೆ ಉಟ್ಟು ಫಕೀರವ್ವ, ನಡುವಿನಲ್ಲಿ ಚಂಚಿ.

"ಸರ್," ಎಂದಳು ಸುಲೋಚನಾ, ಮೈಕಿಗೆ ಕೇಳುವಷ್ಟು ಹತ್ತಿರ ನಿಂತು, "ಹೊಸಾ ಮಿತಿ ಶುರು ಆಗೂದೈತಿ. ಮನಷ್ಯಾರಕಿಂತ ಮೊದಲ ಕುಂಬಳಕಾಯಿ ಹಾಯಿಸೂದು ಪದ್ಧತಿರಿ."

ಪದ್ಧತಿ ಎಂದಮೇಲೆ ಯಾರು ಬೇಡವೆನ್ನುತ್ತಾರೆ? "ಆಗಲಿ, ಆಗಲಿ, ನಮ್ಮ ಸಂಸ್ಕೃತಿ," ಎಂದರು ಹೊಂಬಳ.

ಬೂದಗುಂಬಳಕಾಯಿಗೆ ಮೇಲೆ ತೂತು ಕೊರೆದಿತ್ತು. ಒಳಗೆ ಎರಡು ಮುಷ್ಟಿ ಸುಣ್ಣ, ಮೇಲೆ ಕುಂಕುಮ. ಸುಲೋಚನಾ ಅದನ್ನು ಮೂರಡಿ ಎತ್ತರದ ಸ್ಟೂಲಿನ ಮೇಲಿಟ್ಟು ಕಮಾನಿನೊಳಗೆ ತಳ್ಳಿದಳು. ನಡು ಯಾವ ಎತ್ತರದಲ್ಲಿ ಇರುತ್ತದೆಂಬುದು ಕಮಾನಿಗೆ ಗೊತ್ತಿತ್ತು. ಆ ಎತ್ತರದಲ್ಲಿ ಏನಿದೆ ಎಂಬುದು ಅದಕ್ಕೆ ಸಂಬಂಧಪಡದ ವಿಷಯ. ಹೆಸರಿನ ಜಾಗದಲ್ಲಿ ಅವಳು 'ಕುಂಬಳವ್ವ' ಎಂದು ಬರೆದು, ವಯಸ್ಸಿನ ಜಾಗದಲ್ಲಿ ಐವತ್ತೆಂಟು ಹಾಕಿ ಗುಂಡಿ ಒತ್ತಿದಳು.

ಸಿನಿಮಾ ನಾಯಕಿಯ ದನಿ ಶಾಮಿಯಾನದ ನಾಲ್ಕೂ ಧ್ವನಿವರ್ಧಕಗಳಲ್ಲಿ ಮೊಳಗಿತು. "ಅಭಿನಂದನೆಗಳು ಕುಂಬಳವ್ವ ಅವರೇ. ನಿಮ್ಮ ಮೂಳೆಗಳು ಅತ್ಯಂತ ಸದೃಢವಾಗಿವೆ. ನೀವು ಇಪ್ಪತ್ತೈದು ಕಿಲೋ ಹೊರಬಹುದು. ಪೌಷ್ಟಿಕ ಆಹಾರ ಸೇವಿಸುತ್ತಿರಿ."

ಹಸಿರು ಕಾರ್ಡು ಕಟಕಟನೆ ಅಚ್ಚಾಗಿ ಹೊರಬಿತ್ತು.

ಆಯುಕ್ತರು ಸೀನುವುದನ್ನು ಮರೆತು ಕಾರ್ಡಿನತ್ತ ಬಗ್ಗಿ ನೋಡಿದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು, "ಕುಂಬಳವ್ವಗ ಗಂಡ ನೋಡ್ರೆ!" ಎಂದು ಕೂಗಿದ್ದೇ ತಡ ಇನ್ನೂರು ಹೆಂಗಸರು ಹೊಟ್ಟೆ ಹಿಡಿದುಕೊಂಡರು.

ಇಷ್ಟಾದ ಮೇಲೆ ಮುಗಿಯಿತು, ಇನ್ನು ಚೀಲ ಎತ್ತಿಸಲಾರರು ಎಂದುಕೊಂಡಳು ಸುಲೋಚನಾ. ಅವಳಿಗೆ ಹೊಂಬಳ ಸಾಹೇಬರು ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. ಅವರು ಮೈಕು ಹಿಡಿದು, ಮುಖದ ಬೆವರು ಒರೆಸಿ, "ನೋಡಿದ್ರಲ್ಲ! ನಮ್ಮ ಮಣ್ಣಿನಾಗ ಎಷ್ಟು ಕ್ಯಾಲ್ಸಿಯಂ ಐತಿ ಅಂದ್ರ ಕುಂಬಳಕಾಯಿನೂ ಗಟ್ಟಿ! ಜೋರಾಗಿ ಚಪ್ಪಾಳಿ!" ಎಂದರು. ಆಯುಕ್ತರು ತಟ್ಟಿದರು. ಮುಂದಿನ ಸಾಲಿನ ವ್ಯಾಪಾರಿಗಳೂ ತಟ್ಟಿದರು. "ಈಗ ಫಕೀರವ್ವ ಬರತಾಳ, ಚೀಲ ಎತ್ತತಾಳ."

ಸುಲೋಚನಾ ಸೆರಗಿಗೆ ಅಂಗೈ ಒರೆಸಿಕೊಂಡಳು. ಸ್ಪಿರಿಟ್ಟಿಗೆ ಹೋಗದ ಅಂಟು ಎಂದರೆ ಇದು.

ಫಕೀರವ್ವ ಕಮಾನಿನ ಮುಂದೆ ಬಂದು ನಿಂತಳು. ಕುಂಬಳಕಾಯಿಯನ್ನು ನೋಡಿದಳು, ಅದರ ಕಾರ್ಡನ್ನು ನೋಡಿದಳು. ತನ್ನ ಕಾರ್ಡಿನ ಹಸಿರೂ ಅದೇ ಹಸಿರು. ನಡುವಿನಿಂದ ಚಂಚಿ ತೆಗೆದು, ಅವಸರವಿಲ್ಲದೆ ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿದಳು. ಚಂಚಿಯನ್ನು ಸುಲೋಚನಾಳ ಕೈಗಿತ್ತಳು.

"ಯಾರಿಗೂ ಹೇಳೂದು ಬ್ಯಾಡ ಅಂದಿದ್ದೀ," ಎಂದಳು ಸುಲೋಚನಾ ಮೆಲ್ಲಗೆ.

"ಕುಂಬಳಕಾಯಿ ಸರೀಕಳ ಅನಿಸ್ಕೊಂಡು ಬದಕೂದು ಅದಕಿಂತ ಬ್ಯಾಡ, ಬಾಯಾರ."

ಅವಳು ಒಳಗೆ ಹೋಗಿ ಅಡ್ಡಕ್ಕೆ ತಿರುಗಿ ನಿಂತಳು. ಕಮಾನಿನ ದನಿಯಲ್ಲಿ ಈಗ ಆಸ್ಪತ್ರೆಯ ಮರುಕ. "ನಿಮ್ಮ ಮೂಳೆಗಳು ಸವೆದಿವೆ. ನೀವು ಭಾರ ಎತ್ತುವಂತಿಲ್ಲ. ದಯವಿಟ್ಟು ಕುಳಿತುಕೊಳ್ಳಿ."

ಫಕೀರವ್ವ ನೆಟ್ಟಗೆ ನಡೆದು ಹೊಂಬಳ ಸಾಹೇಬರ ಖಾಲಿ ಕುರ್ಚಿಯಲ್ಲಿ ಕೂತಳು. ಕಾಲು ನೀಡಿಕೊಂಡಳು.

"ಏನಿದು?" ಎಂದರು ಹೊಂಬಳ.

"ಕುಂಡ್ರು ಅಂತು, ಕುಂತೇನ್ರಿ. ಈಗ ಆ ಚೀಲ ಕುಂಬಳವ್ವಗ ಹೊರಸ್ರಿ."

ಎಂಟು ದಿನಕ್ಕೆ ಮೇಲಿನಿಂದ ಸುತ್ತೋಲೆ ಬಂತು. ಒಂದು: ಕುಂಬಳ, ಸೋರೆ, ಸೌತೆ ಮುಂತಾದ ತರಕಾರಿಗಳನ್ನು ಕಮಾನಿನಲ್ಲಿ ಹಾಯಿಸತಕ್ಕದ್ದಲ್ಲ. ಎರಡು: ಕಾರ್ಮಿಕರು ಎಲೆಯಡಿಕೆ ಚೀಲಗಳನ್ನು ಹೊರಗಿಟ್ಟು ಒಳಬರತಕ್ಕದ್ದು, ಚೀಲಗಳ ಕಾವಲಿಗೆ ಒಬ್ಬರನ್ನು ನೇಮಿಸತಕ್ಕದ್ದು. ಮೂರು: ಇಪ್ಪತ್ತೈದು ಕಿಲೋದ ಮಿತಿ ಈಗಾಗಲೇ ಅಧಿಸೂಚನೆಯಾಗಿರುವುದರಿಂದ ಹಾಗೆಯೇ ಮುಂದುವರಿಯತಕ್ಕದ್ದು. ತಪ್ಪು ನಡೆದಿದೆ ಎಂಬ ಮಾತು ಎಲ್ಲಿಯೂ ಇರಲಿಲ್ಲ.

ಎರಡನೆಯ ಕಲಮನ್ನು ಸುಲೋಚನಾ ಮೂರು ಸಲ ಓದಿದಳು. ಕುಂತು ಮಾಡುವ ಕೆಲಸ. ಇಡೀ ಕಾಯಿದೆಯಲ್ಲಿ ಹುಡುಕಿದರೂ ಸಿಗದಿದ್ದದ್ದು ಒಂದು ಮೂರ್ಖ ಸುತ್ತೋಲೆಯಲ್ಲಿ ಸಿಕ್ಕಿತ್ತು. 'ಅರ್ಹತೆ: ಕೆಂಪು ಕಾರ್ಡು' ಎಂದು ತಾನೇ ಸೇರಿಸಿ, ಫಕೀರವ್ವನ ಹೆಸರು ಬರೆದು, ಯಾರಾದರೂ ಯೋಚಿಸುವ ಮುಂಚೆ ಮೊಹರು ಒತ್ತಿಸಿಕೊಂಡು ಬಂದಳು. ಹುಲಿಗೆವ್ವನಿಗೆ ಮಧ್ಯಾಹ್ನದ ಪಾಳಿ.

ಚಂಚಿ ಹೊರಗಿಟ್ಟು ಬಂದ ಹೆಂಗಸರು ಹೆಚ್ಚುಕಡಿಮೆ ಎಲ್ಲರೂ ಹಳದಿಗೆ ಇಳಿದರು. ಹತ್ತು ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ. ವ್ಯಾಪಾರಿಗಳು ಗೊಣಗುತ್ತ ಹತ್ತು ಕಿಲೋದ ಸಣ್ಣ ಚೀಲ ಹೊಲಿಸಿದರು. ಜಿಲ್ಲೆಯ ಸರಾಸರಿ ನಾಡಿನ ತಳಕ್ಕೆ ಹೋಗಿ ಬಿತ್ತು. ಹೊಂಬಳ ಸಾಹೇಬರು 'ಮೆಣಸಿನ ಘಾಟಿನಿಂದ ಎಲುಬಿನ ಸವಕಳಿ' ಎಂಬ ಹೊಸ ಪ್ರಬಂಧ ಬರೆದರು. ಅದು ಮೊದಲನೆಯದಕ್ಕಿಂತ ಹೆಚ್ಚು ಹೆಸರು ಮಾಡಿತು. ಅವರನ್ನು ಸನ್ಮಾನಿಸಿದ ಸುದ್ದಿಯಿದ್ದ ಪತ್ರಿಕೆಯಿಂದ ಸುಲೋಚನಾ ಕಮಾನಿನ ಕೈಹಿಡಿಯ ಅಂಟು ಒರೆಸಿ, ಮುದುಡಿ ಬುಟ್ಟಿಗೆ ಹಾಕಿದಳು.

ಗೇಟಿನ ಪಕ್ಕ ತಗಡಿನ ನೆರಳಲ್ಲಿ ಫಕೀರವ್ವ ಸ್ಟೂಲಿನ ಮೇಲೆ ಬೆನ್ನು ಗೋಡೆಗೆ ಕೊಟ್ಟು ಕೂತಿರುತ್ತಾಳೆ. ಸುತ್ತ ಗೂಟಗಳಿಗೆ ಇನ್ನೂರು ಚಂಚಿಗಳು. ಯಾವುದು ಯಾರದೆಂದು ವಾಸನೆಯಿಂದಲೇ ಹೇಳಬಲ್ಲಳು. ಒಂದೊಂದರಿಂದ ಒಂದೊಂದು ಚೂರು ಅಡಿಕೆ ತೆಗೆಯುತ್ತಾಳೆಂಬ ದೂರಿದೆ.

"ಬಾಯಾರ," ಎಂದಳು ಅವಳು ಒಂದು ದಿನ, "ಈಗ ಇಪ್ಪತ್ತೈದು ಕಿಲೋ ಎತ್ತೂ ಹಸರು ಕಾರ್ಡ ಎಷ್ಟ ಮಂದಿದೈತ್ರಿ?"

ಸುಲೋಚನಾ ದಾಖಲೆ ತೆರೆದು ನೋಡಿದಳು. ಹಳೆಯ ಕಾರ್ಡುಗಳೆಲ್ಲ ರದ್ದಾಗಿದ್ದವು. ಮರುಪರೀಕ್ಷೆಗೆ ಹಾಜರಾಗದ ಒಂದು ಮಾತ್ರ ಹಾಗೇ ಉಳಿದಿತ್ತು, ಐದು ವರ್ಷ ಊರ್ಜಿತ.

"ಒಬ್ಬಾಕಿದ," ಎಂದಳು. "ಹೋದ ಅಮಾಸಿಗೆ ನಮ್ಮತ್ತಿ ಆಕಿನ್ನ ಒಡದು ಬಾಗಲಕ್ಕ ಇಟ್ರು."